ನಗುವುದನ್ನು ಕಲಿಸಲು ಬಂದವನು

"ಎಲ್ಲರೂ ಒಂದು ಸಲ ಕಣ್ಣು ಮುಚ್ಚಿ," ಎಂದ ಹೊಸದಾಗಿ ಬಂದ ತರಬೇತುದಾರ.

ನಲವತ್ತು ಹೆಂಗಸರು ಕಣ್ಣು ಮುಚ್ಚಿದರು. ಟೊರಿಕಾ ಮಾತ್ರ ಮುಚ್ಚಲಿಲ್ಲ.

"ನೀವು ಮಡಚೋದು ಬರೀ ಬೆಡ್‌ಶೀಟ್ ಅಲ್ಲ. ಎಲ್ಲಿಂದಲೋ ಸುಸ್ತಾಗಿ ಬಂದವರ ನೆಮ್ಮದಿಯ ನಿದ್ದೆ ಅದು. ಹಾಗಂದ್ಕೊಂಡು ಮಡಚಿ ನೋಡಿ. ಕೆಲಸ ಹಗುರಾಗುತ್ತೆ, ಮುಖದಲ್ಲಿ ತಾನಾಗೇ ನಗು ಬರುತ್ತೆ."

ಇಸ್ತ್ರಿ ಮಾಡಿದ ಹೂವಿನ ಶರ್ಟು, ಸೊಂಟಕ್ಕೆ ಪಂಚೆಯಂತೆ ಸುತ್ತಿದ ಬೂದು ಬಣ್ಣದ ಸುಲು, ಪಾಲಿಶ್ ಹಾಕಿದ ಚಪ್ಪಲಿ. ನೋಡಲು ಚೆನ್ನಾಗಿಯೇ ಇದ್ದ. ಅದಕ್ಕೇ ಟೊರಿಕಾಳಿಗೆ ಇನ್ನೂ ಸ್ವಲ್ಪ ಜಾಸ್ತಿ ಸಿಟ್ಟು ಬಂತು.

ಅವಳು ಎದ್ದು ನಿಂತಳು. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜರುಗಿದ ಸದ್ದಿಗೆ ಎಲ್ಲರ ಕಣ್ಣೂ ತೆರೆದವು.

"ಸರ್, ಒಂದು ಮಾತು ಕೇಳ್ಲಾ?"

"ಕೇಳಿ ಕೇಳಿ."

ಟೊರಿಕಾ ಪಕ್ಕದಲ್ಲಿದ್ದ ಸಬಿತ್ರಿ ಅಕ್ಕನ ಬಲಗೈ ಹಿಡಿದೆತ್ತಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಗಾಯ, ಇನ್ನೂ ಗುಲಾಬಿ ಬಣ್ಣ ಆರಿರಲಿಲ್ಲ.

"ಶೀಟು ಇಸ್ತ್ರಿ ಮಾಡೋ ಮೂರನೇ ನಂಬರ್ ಬಿಸಿ ರೋಲರ್‌ನಲ್ಲಿ ಕೈ ಒಳಗೆ ಹೋಗದ ಹಾಗೆ ತಡೆಯೋ ಕಂಬಿ ಇತ್ತು. ಅದು ಮುರಿದು ನಾಲ್ಕು ತಿಂಗಳಾಯ್ತು. ಈ ಗಾಯನ ಏನಂದ್ಕೊಂಡ್ರೆ ಹಗುರಾಗುತ್ತೆ, ಹೇಳಿ?"

ಗೋಡೆಯ ಹತ್ತಿರ ನಿಂತಿದ್ದ ಮ್ಯಾನೇಜರ್ ವಿಕ್ಲಿಫ್ ಗಂಟಲು ಸರಿಮಾಡಿಕೊಂಡ. "ಟೊರಿಕಾ, ಇದು ಆ ಮಾತಿಗೆ ಜಾಗ ಅಲ್ಲ."

"ನಾಲ್ಕು ತಿಂಗಳಿಂದ ಜಾಗ ಹುಡುಕ್ತಾ ಇದ್ದೀನಿ. ಸಿಕ್ಕಿಲ್ಲ."

ತರಬೇತುದಾರ ಆ ಗಾಯವನ್ನೇ ನೋಡುತ್ತ ನಿಂತ. ಅವನ ಮುಖದ ಅಭ್ಯಾಸದ ನಗು ಎಲ್ಲೋ ಹೋಗಿತ್ತು.

"ನನಗೆ ಗೊತ್ತಿರಲಿಲ್ಲ," ಎಂದ.

"ಗೊತ್ತಾಗಬೇಕು ಅಂದ್ರೆ ಬೆಳಿಗ್ಗೆ ಆರು ಗಂಟೆಗೆ ಬನ್ನಿ. ಈ ಶರ್ಟು ಬೇಡ, ಹಾಳಾಗುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಫಿಜಿಯ ನಾಂದಿ ಪಟ್ಟಣದ ಆ ಲಾಂಡ್ರಿಗೆ ಕರಾವಳಿಯ ಹೋಟೆಲುಗಳ ಹಾಸು ಹೊದಿಕೆಯೆಲ್ಲ ಬರುತ್ತಿತ್ತು. ಟೊರಿಕಾ ಹತ್ತೊಂಬತ್ತಕ್ಕೆ ಅಲ್ಲಿ ಸೇರಿದವಳು, ಈಗ ಇಪ್ಪತ್ತೆಂಟು. ಅಪ್ಪ ತೀರಿಕೊಂಡ ವರ್ಷ ಟೀಚರ್ಸ್ ಕಾಲೇಜಿನ ಅರ್ಜಿ ಹರಿದು ಹಾಕಿ, ಅಮ್ಮನಿಗೆ ಒಂದು ಮಾತೂ ಹೇಳದೆ ಲಾಂಡ್ರಿಯ ನೀಲಿ ಅಂಗಿ ತೊಟ್ಟಿದ್ದಳು. ಅದರ ಬಗ್ಗೆ ಅತ್ತವಳಲ್ಲ. ಆದರೆ 'ಕೆಲಸದಲ್ಲಿ ಅರ್ಥ ಹುಡುಕಿ' ಎಂದು ಯಾರಾದರೂ ಸಲೀಸಾಗಿ ಹೇಳಿದರೆ ಅವಳ ಮೈ ಉರಿಯುತ್ತಿತ್ತು.

ಮರುದಿನ ಆರಕ್ಕೆ ಐದು ನಿಮಿಷ ಇರುವಾಗ ಅವನು ಗೇಟಿನಲ್ಲಿದ್ದ. ಮಾಸಿದ ಟೀ ಶರ್ಟು, ಹಳೇ ಚಡ್ಡಿ.

"ಬುಲಾ. ನನ್ನ ಹೆಸರು ಅಪೆನಿಸಾ," ಎಂದ. "ಎಲ್ಲಿ ನಿಲ್ಲಲಿ?"

ಇವನು ಬರ್ತಾನೆ ಅಂತ ಅವಳು ಅಂದುಕೊಂಡೇ ಇರಲಿಲ್ಲ.

"ನನ್ನ ಎದುರಿಗೆ. ಆ ತುದಿ ಹಿಡ್ಕೊಳ್ಳಿ. ಎಳೀಬೇಡಿ, ಸಡಿಲ ಬಿಡ್ಲೂ ಬೇಡಿ."

ಅವನು ಎಳೆದ. ಆಮೇಲೆ ಸಡಿಲ ಬಿಟ್ಟ. ಒದ್ದೆ ಬಟ್ಟೆಯ ಅಂಚು ಅವನ ಮುಖಕ್ಕೇ ಬಂದು ಬಡಿಯಿತು.

"ಏನು ಸರ್, ನೆಮ್ಮದಿಯ ನಿದ್ದೆ ಮುಖಕ್ಕೇ ಹೊಡೀತಾ?" ಎಂದಳು ಸಬಿತ್ರಿ.

ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ. ಒಂಬತ್ತು ಗಂಟೆಯ ಹೊತ್ತಿಗೆ ಅವನ ಬೆನ್ನು ಬಾಗಿತ್ತು, ಅಂಗೈ ಕೆಂಪಾಗಿತ್ತು. ಆದರೂ ಹೋಗಲಿಲ್ಲ. ಮೂರನೇ ರೋಲರ್‌ನ ಬಳಿ ಬಗ್ಗಿ ಮುರಿದ ಕಂಬಿಯ ಬುಡವನ್ನು ತುಂಬ ಹೊತ್ತು ನೋಡಿದ.

ಆ ಮೇಲೆ ಅವನು ದಿನವೂ ಬಂದ. ಮಧ್ಯಾಹ್ನದ ತರಬೇತಿಯಲ್ಲೀಗ ಕಣ್ಣು ಮುಚ್ಚಿಸುವುದು ನಿಂತಿತ್ತು. ಕುರ್ಚಿಗಳನ್ನು ಸುತ್ತಲೂ ಹಾಕಿಸಿ, ತಾನು ಕಡಿಮೆ ಮಾತಾಡಿ, ಅವರನ್ನು ಮಾತಾಡಿಸುತ್ತಿದ್ದ. ಊಟದ ಹೊತ್ತಿಗೆ ಟೊರಿಕಾಳ ಡಬ್ಬಿಯ ಬೇಯಿಸಿದ ಮರಗೆಣಸಿಗೆ ಸಬಿತ್ರಿ ತನ್ನ ರೊಟ್ಟಿ ಪಲ್ಯ ಸೇರಿಸುತ್ತಿದ್ದಳು. ಅವನಿಗೂ ಒಂದು ಪಾಲು ಹೋಗತೊಡಗಿತು.

"ನಿಮಗೊಂದು ಕೆಲಸ ಕೊಡ್ತೀನಿ," ಎಂದ ಒಂದು ದಿನ ಟೊರಿಕಾಳಿಗೆ.

"ಇರೋ ಕೆಲಸ ಸಾಲದಾ?"

"ದಿನಾ ಸಂಜೆ ಒಂದೇ ಸಾಲು ಬರೀರಿ. ಇವತ್ತು ಯಾವ ಹೊತ್ತಲ್ಲಿ ಗಡಿಯಾರ ನೋಡೋದು ಮರೆತೆ ಅಂತ. ಅಷ್ಟೇ. ಒಳ್ಳೇದು ಕೆಟ್ಟದ್ದು ಏನೂ ಬೇಡ."

"ನಾನೇನು ಸ್ಕೂಲ್ ಹುಡುಗಿನಾ?"

"ಬೇಡ ಬಿಡಿ ಹಾಗಾದ್ರೆ."

ಬೇಡ ಬಿಡಿ ಅಂದನಲ್ಲ, ಅದಕ್ಕೇ ಅವಳು ಬರೆದಳು. ಅಮ್ಮ ಅಡುಗೆ ಮಾಡುವಾಗ, ಹೊಸ್ತಿಲ ಮೇಲೆ ಕೂತು. 'ಹೊಸ ಹುಡುಗಿಗೆ ಮೂಲೆ ಹೊಲಿದ ಶೀಟು ಮಡಚೋದು ಬರ್ತಿರಲಿಲ್ಲ, ತೋರಿಸಿದೆ.' ಮಾರನೇ ದಿನ, 'ಸಬಿತ್ರಿ ಅಕ್ಕನ ಮೇಜಿನ ಕೆಳಗೆ ಹಲಗೆ ಇಟ್ಟು ಎತ್ತರ ಮಾಡಿದೆ, ಸೊಂಟ ನೋವು ಕಡಿಮೆ ಅಂದಳು.' ಆಮೇಲೆ, 'ಬುಟ್ಟಿ ಎತ್ತೋದನ್ನ ಮೂವರಿಗೆ ಹೇಳಿಕೊಟ್ಟೆ.'

ಎರಡು ವಾರದ ಸಾಲುಗಳನ್ನು ಒಂದು ಸಂಜೆ ಒಟ್ಟಿಗೆ ಓದಿದಳು. ಎಲ್ಲ ಸಾಲೂ ಒಂದೇ ಮಾತು ಹೇಳುತ್ತಿದ್ದವು. ಒಂಬತ್ತು ವರ್ಷದ ಹಿಂದೆ ಹರಿದು ಹಾಕಿದ ಆ ಅರ್ಜಿ... ಅದು ಹೋಗಿಯೇ ಇರಲಿಲ್ಲ. ಅವಳು ದಿನಾ ಕಲಿಸುತ್ತಲೇ ಇದ್ದಳು, ಈ ಹಬೆಯಲ್ಲಿ ನಿಂತು.

ಅವನಿಗೆ ಹೇಳಿದಾಗ ಅವನು ಪಾಠ ಮಾಡಲಿಲ್ಲ, ಬೆನ್ನು ತಟ್ಟಲಿಲ್ಲ.

"ನೀವು ಹೇಳಿಕೊಡೋವಾಗ ನಿಮ್ಮ ದನಿನೇ ಬೇರೆ," ಎಂದ, ಕೈಯಲ್ಲಿದ್ದ ದಿಂಬಿನ ಕವರನ್ನು ನೋಡುತ್ತ. "ನಾನು ಅದನ್ನ ಕೇಳೋಕೇ ಬೆಳಿಗ್ಗೆ ಬರ್ತಿದ್ದೀನೇನೋ ಅನ್ನಿಸುತ್ತೆ."

ಅವತ್ತು ಅವಳಿಗೆ ಆ ಕವರುಗಳ ಎಣಿಕೆ ಎರಡು ಸಲ ತಪ್ಪಿತು.

ಕೊನೆಯ ತರಬೇತಿಯ ದಿನ ಅವನು ಎಲ್ಲರಿಗೂ ಒಂದೊಂದು ಹಾಳೆ ಹಂಚಿದ. 'ನಿಮ್ಮ ಕೆಲಸದಲ್ಲಿ ಒಂದೇ ಒಂದನ್ನು ಬದಲಾಯಿಸಬಹುದಾದರೆ, ಯಾವುದನ್ನು?'

"ಹೆಸರು ಹಾಕಿ. ಒಬ್ಬೊಬ್ಬರ ಹತ್ರಾನೂ ಆಮೇಲೆ ಕೂತು ಮಾತಾಡ್ತೀನಿ. ನನ್ನ ಬಿಟ್ಟು ಯಾರೂ ಓದಲ್ಲ."

ಹೆಂಗಸರು ಅನುಮಾನದಿಂದ ಟೊರಿಕಾಳ ಮುಖ ನೋಡಿದರು.

"ಬರೀರೇ," ಎಂದಳು ಅವಳು. "ಇವರನ್ನ ನಂಬಬಹುದು. ನಾನು ಹೇಳ್ತಿದ್ದೀನಿ."

ಸೋಮವಾರ ಬೆಳಿಗ್ಗೆ ಗೇಟಿನ ಪಕ್ಕದ ಬೋರ್ಡಿನಲ್ಲಿ ಐದು ಹೆಸರಿದ್ದವು. ಟೊರಿಕಾ, ಸಬಿತ್ರಿ, ಇನ್ನೂ ಮೂವರು. 'ಕೆಲಸದ ಬಗ್ಗೆ ಅಸಹಕಾರದ ಮನೋಭಾವ ಇರುವುದರಿಂದ ಇಂದಿನಿಂದ ಕೆಲಸದಿಂದ ತೆಗೆಯಲಾಗಿದೆ.'

ಕಚೇರಿಯಲ್ಲಿ ವಿಕ್ಲಿಫ್‌ನ ಮೇಜಿನ ಮೇಲೆ ಅದೇ ಹಾಳೆಗಳು ಹರಡಿದ್ದವು. ಸಬಿತ್ರಿಯ ಓರೆ ಅಕ್ಷರದ ಕೆಳಗೆ ಕೆಂಪು ಗೆರೆ. ಅವಳು ಬರೆದಿದ್ದು ಇಷ್ಟೇ. 'ನನ್ನ ಕೈ ಸುಟ್ಟಿದ್ದಕ್ಕೆ ಯಾರಾದರೂ ತಪ್ಪಾಯಿತು ಅನ್ನಬೇಕು.'

ಟೊರಿಕಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಕೆಲಸ ಹೋಗಿದ್ದಕ್ಕಲ್ಲ. 'ನಾನು ಹೇಳ್ತಿದ್ದೀನಿ' ಅಂದವಳು ಅವಳು. ಅವಳ ಮಾತು ನಂಬಿ ಬರೆದವರು ಅವರು.

ಹೊರಗೆ ಬಂದರೆ ಅಪೆನಿಸಾ ರಸ್ತೆಯಿಂದ ಓಡಿ ಬರುತ್ತಿದ್ದ. ಯಾರೋ ಫೋನ್ ಮಾಡಿರಬೇಕು.

"ಟೊರಿಕಾ, ನಾನು ಕೊಟ್ಟಿಲ್ಲ. ಆಣೆ ಮಾಡ್ತೀನಿ. ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ..."

"ಯಾರ ಬೀರು?"

ಅವನು ಕಚೇರಿಯ ಕಿಟಕಿಯ ಕಡೆ ತಿರುಗಿದ.

"ಅವರ ಬೀರು, ಅವರ ಬೀಗ. ಅವರ ಹತ್ರ ಇನ್ನೊಂದು ಕೀಲಿ ಇರುತ್ತೆ ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

"ಅವರು ಮಾತು ಕೊಟ್ಟಿದ್ರು."

"ನನಗೂ ನೀವು ಕೊಟ್ಟಿದ್ರಿ."

ಅವನ ಮುಖ ಬಿಳಿಚಿಕೊಂಡಿತು. ಅವಳಿಗೆ ಒಳಗೆಲ್ಲೋ ಚುಚ್ಚಿತು, ಆದರೆ ನಿಲ್ಲಿಸಲಿಲ್ಲ.

"ನೀವು ಕೆಟ್ಟವರು ಅಂತ ನಾನು ಅನ್ನಲ್ಲ ಅಪೆನಿಸಾ. ನಿಮಗೆ ಯಾವತ್ತೂ ಕೈ ಸುಟ್ಟಿಲ್ಲ, ಅಷ್ಟೇ. ನಮ್ಮಂಥವರ ಬಾಯಿ ತೆರೆಸಿ, ನೀವು ಮನೆಗೆ ಹೋಗಿಬಿಡ್ತೀರಿ. ಹೋಗಿ ಈಗ."

ಅವನು ನಿಂತೇ ಇದ್ದ. ಕೊನೆಗೆ ಅವಳೇ ಬೆನ್ನು ತಿರುಗಿಸಿದಳು.

ಮನೆಗೆ ಹೋಗಿ ಚಾಪೆಯ ಮೇಲೆ ಮುಖ ಮುಚ್ಚಿ ಮಲಗಿದಳು. ಅಮ್ಮ ಪಕ್ಕದಲ್ಲಿ ಕೂತು ತಲೆ ಸವರಿದಳು.

"ಕೆಲಸಕ್ಕೆ ಅಳ್ತಿದ್ದೀಯಾ, ಅವನಿಗಾ?"

"ಯಾರಿಗೂ ಅಳ್ತಿಲ್ಲ."

"ಹಾಗಾದ್ರೆ ಏಳು. ಮಲಗಿದ್ರೆ ಯಾರು ಸೋತ ಹಾಗೆ?"

ಮರುದಿನ ಬೆಳಿಗ್ಗೆ ಆರಕ್ಕೆ ಐವರೂ ನೀಲಿ ಅಂಗಿ ತೊಟ್ಟು ಲಾಂಡ್ರಿಯ ಗೇಟಿನೆದುರು ಚಾಪೆ ಹಾಸಿ ಕೂತರು. ಘೋಷಣೆ ಕೂಗಲಿಲ್ಲ, ಫಲಕ ಹಿಡಿಯಲಿಲ್ಲ.

ವಿಕ್ಲಿಫ್‌ನ ಕಾರು ನಿಂತಿತು. "ಏನಿದು?"

"ಕೆಲಸಕ್ಕೆ ಬಂದಿದ್ದೀವಿ," ಎಂದಳು ಟೊರಿಕಾ. "ಒಳಗೆ ಬಿಡ್ತಿಲ್ಲ, ಅದಕ್ಕೆ ಇಲ್ಲಿ ಕೂತಿದ್ದೀವಿ."

ಪಾಳಿ ಮುಗಿಯುವವರೆಗೂ ಕೂತು, ಆಮೇಲೆ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟರು. ಮಾರನೇ ದಿನವೂ ಬಂದರು. ಬಿಸಿಲಿಗೆ ಸಬಿತ್ರಿ ಹಳೇ ಕೊಡೆ ಬಿಚ್ಚಿದಳು. ದಾರಿಯಲ್ಲಿ ಹೋಗುವ ಬಸ್ಸುಗಳವರು ಹಾರ್ನ್ ಹೊಡೆದು ಕೈ ಬೀಸತೊಡಗಿದರು. ಮೂರನೇ ದಿನ ಊಟದ ಹೊತ್ತಿಗೆ ಒಳಗಿನ ಹೆಂಗಸರು ಡಬ್ಬಿ ಹಿಡಿದು ಹೊರಗೆ ಬಂದು ಅವರ ಸುತ್ತ ಕೂತು ಉಂಡರು.

ಅಂದು ಮಧ್ಯಾಹ್ನ ವಿಕ್ಲಿಫ್ ಅವಳೊಬ್ಬಳನ್ನೇ ಕರೆಸಿಕೊಂಡ. ದನಿ ಮೆತ್ತಗಿತ್ತು.

"ನೀನು ಜಾಣೆ ಟೊರಿಕಾ. ನಿನ್ನನ್ನ ಮೇಲ್ವಿಚಾರಕಿ ಮಾಡ್ತೀನಿ. ಹಾಳೆಯಲ್ಲಿ ನೀನು ಬರೆದಿದ್ದು ಅದೇ ಅಲ್ವಾ, ಹೇಳಿಕೊಡೋ ಕೆಲಸ ಬೇಕು ಅಂತ? ಕಾರ್ಮಿಕ ಇಲಾಖೆಗೆ ಕೊಟ್ಟ ದೂರು ವಾಪಸ್ ತಗೋ. ಸಾಕು."

ಅವಳು ಒಂಬತ್ತು ವರ್ಷದಿಂದ ಬಯಸಿದ್ದು ಮೇಜಿನ ಆ ಕಡೆ ಕೂತು ಅವಳನ್ನು ನೋಡುತ್ತಿತ್ತು.

"ಉಳಿದ ನಾಲ್ವರು?"

"ಅವರ ಮಾತು ಬೇರೆ."

"ಅವರಿಲ್ಲದೆ ನಾನು ಯಾರಿಗೆ ಹೇಳಿಕೊಡ್ಲಿ? ಗೋಡೆಗಾ?"

"ಯೋಚನೆ ಮಾಡು."

"ಮಾಡಿದೆ," ಎಂದು ಎದ್ದಳು. "ಕೈ ಸುಟ್ಟವಳಿಗೆ ತಪ್ಪಾಯ್ತು ಅನ್ನೋಕೆ ಆಗದವರ ಕೆಳಗೆ ನಾನು ಮೇಲ್ವಿಚಾರಕಿ ಆಗಲ್ಲ."

ಶುಕ್ರವಾರ ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ. ಉದ್ದ ಮೇಜಿನ ಒಂದು ಕಡೆ ಐವರು ಹೆಂಗಸರು, ಇನ್ನೊಂದು ಕಡೆ ವಿಕ್ಲಿಫ್ ಮತ್ತು ಅವನ ವಕೀಲ. ಅಧಿಕಾರಿ ಕಾಗದ ತಿರುವಿ ಕೇಳಿದರು, "ಈ ಹಾಳೆಗಳು ಮ್ಯಾನೇಜರ್ ಕೈಗೆ ಹೇಗೆ ಬಂದವು ಅನ್ನೋದಕ್ಕೆ ಸಾಕ್ಷಿ ಇದೆಯಾ?"

ಟೊರಿಕಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು.

"ನಾನಿದ್ದೀನಿ."

ಅಪೆನಿಸಾ. ಕಣ್ಣ ಕೆಳಗೆ ಕಪ್ಪು, ನಾಲ್ಕು ದಿನದ ಗಡ್ಡ. ಅವನು ಅವಳ ಕಡೆ ನೋಡಲಿಲ್ಲ.

"ಮೊದಲ ದಿನವೇ ಮೂರನೇ ರೋಲರ್ ಬಗ್ಗೆ ನಾನು ಮ್ಯಾನೇಜರ್‌ಗೆ ಬರೆದು ಕೊಟ್ಟಿದ್ದೆ, ಅದರ ಪ್ರತಿ ಇಲ್ಲಿದೆ. ಆಮೇಲೂ ಎರಡು ಸಲ ಬರೆದೆ. ಹಾಳೆಗಳನ್ನ ಗುಟ್ಟಾಗಿ ಇಡ್ತೀನಿ ಅಂತ ಈ ಹೆಂಗಸರಿಗೆ ಮಾತು ಕೊಟ್ಟಿದ್ದು ನಾನು. ಬೀರು ತೆಗೆದಿದ್ದು ಮ್ಯಾನೇಜರ್. ಆದ್ರೆ ಅಲ್ಲಿಟ್ಟಿದ್ದು ನನ್ನ ತಪ್ಪು. ಅದನ್ನೂ ಬರ್ಕೊಳ್ಳಿ."

ವಕೀಲ ನಕ್ಕ. "ಇಷ್ಟು ಹೇಳಿದ ಮೇಲೆ ನಿಮ್ಮ ತರಬೇತಿ ಸಂಸ್ಥೆ ನಿಮ್ಮನ್ನ ಇಟ್ಕೊಳ್ಳುತ್ತಾ?"

"ನಿನ್ನೆಯೇ ತೆಗೆದಿದ್ದಾರೆ," ಎಂದ ಅಪೆನಿಸಾ. "ಮುಂದಿನ ಪ್ರಶ್ನೆ ಕೇಳಿ."

ಮೊದಲ ದಿನವೇ ಬರೆದಿದ್ದನಾ? ಅವಳಿಗೆ ಒಂದು ಮಾತೂ ಹೇಳದೆ, ಮೂರು ಸಲ? ಟೊರಿಕಾ ಮೇಜಿನ ಕೆಳಗೆ ಸಬಿತ್ರಿಯ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂತು... ಒರೆಸಿಕೊಳ್ಳಲಿಲ್ಲ.

ವಿಚಾರಣೆ ಮುಗಿದು ಅವಳು ಹೊರಗೆ ಓಡಿ ಬರುವಷ್ಟರಲ್ಲಿ ಅವನು ಹೋಗಿಯಾಗಿತ್ತು.

ಎರಡು ವಾರದೊಳಗೆ ಐವರನ್ನೂ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆದೇಶ ಬಂತು. ಮೂರನೇ ರೋಲರ್‌ಗೆ ಹೊಸ ಕಂಬಿ ಕೂರಿಸುವವರೆಗೆ ಮೊಹರು ಬಿತ್ತು. ವಿಕ್ಲಿಫ್‌ನನ್ನು ಮಾಲೀಕರು ಬೇರೆ ಊರಿಗೆ ಕಳಿಸಿದರು, ಅವನ ಜಾಗಕ್ಕೆ ಬಂದಾಕೆ ಸಬಿತ್ರಿಯ ಮುಂದೆ ನಿಂತು, "ತಪ್ಪಾಯ್ತಮ್ಮ," ಎಂದಳು. ಸಬಿತ್ರಿ ಮಾರನೇ ದಿನ ಎಲ್ಲರಿಗೂ ಪಾಯಸ ಮಾಡಿಕೊಂಡು ಬಂದಳು.

ವಾಪಸ್ ಸೇರುವಾಗ ಟೊರಿಕಾ ತನ್ನ ಷರತ್ತನ್ನು ತಾನೇ ಬರೆದು ಕೊಟ್ಟಿದ್ದಳು. ಹೊಸದಾಗಿ ಸೇರಿದ ಯಾರೂ ಮೊದಲ ಮೂರು ದಿನ ಯಂತ್ರ ಮುಟ್ಟಬಾರದು, ಸಂಬಳದ ಸಮೇತ ಅವಳ ಹತ್ತಿರ ಕಲಿಯಬೇಕು. ಮಾಲೀಕರು ಆರು ತಿಂಗಳ ಮಟ್ಟಿಗೆ ಒಪ್ಪಿದರು. 'ಆರು ತಿಂಗಳು ಸಾಕು,' ಅಂದುಕೊಂಡಳು. 'ಆಮೇಲೆ ತೆಗೆಯೋಕೆ ಬರಲಿ, ನೋಡೋಣ.'

ಎಲ್ಲ ಸರಿಹೋಗಿತ್ತು. ಆದರೂ ಬೆಳಿಗ್ಗೆ ಆರು ಗಂಟೆಗೆ ಎದುರಿನ ತುದಿ ಬೇರೆ ಯಾರಾದರೂ ಹಿಡಿದರೆ ಅವಳಿಗೆ ಸಿಡುಕು ಬರುತ್ತಿತ್ತು.

"ಫೋನ್ ಮಾಡಿದ್ಯೇನೇ?" ಸಬಿತ್ರಿ ಕೇಳಿದಳು.

"ಯಾರಿಗೆ?"

"ನಿನ್ನ ಅಜ್ಜನಿಗೆ."

ಟೊರಿಕಾ ತುಟಿ ಬಿಗಿದಳು. "ಮಾಡಿದೆ ಅಕ್ಕ. ಎತ್ತಲ್ಲ. ಬೇಡ ಅಂದ್ರೆ ಬೇಡ, ನಾನ್ಯಾಕೆ ಹಿಂದೆ ಬೀಳ್ಲಿ?"

"ಮ್ಯಾನೇಜರ್ ಹತ್ರ ಜಗಳ ಆಡ್ತೀಯ, ವಕೀಲರ ಹತ್ರ ಆಡ್ತೀಯ. ನಿನ್ನ ಮನಸ್ಸಿನ ಮುಂದೆ ಮಾತ್ರ ಬೆಕ್ಕಿನ ಮರಿ. ಅವನು ಸಿಂಗಾಟೋಕಾದಲ್ಲಿ ಚಿಕ್ಕಮ್ಮನ ತರಕಾರಿ ಅಂಗಡೀಲಿ ಇದ್ದಾನಂತೆ. ನನ್ನ ತಂಗಿ ಕಂಡಳು. ಸೊಪ್ಪಿನ ಕಟ್ಟು ಕಟ್ಟೋಕೂ ಬರಲ್ವಂತೆ."

ಶನಿವಾರ ಟೊರಿಕಾ ಬಸ್ಸು ಹತ್ತಿದಳು. ಗಾಜಿಲ್ಲದ ಕಿಟಕಿಯಿಂದ ಕಬ್ಬಿನ ಗದ್ದೆಯ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿದ್ದರೆ, ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಮೊದಲು ಸಾಕ್ಷಿ ಹೇಳಿದ್ದಕ್ಕೆ ವಿನಾಕಾ ಅನ್ನಬೇಕು. ಆಮೇಲೆ ಕ್ಷಮೆ. ಆಮೇಲೆ... ಆಮೇಲಿನದು ಗೊತ್ತಿರಲಿಲ್ಲ.

ಸಿಂಗಾಟೋಕಾ ಸಂತೆಯಲ್ಲಿ ಶನಿವಾರದ ಗದ್ದಲ. ಕೆಸುವಿನ ಗೆಡ್ಡೆಯ ರಾಶಿಯ ಹಿಂದೆ ಅವನು ಮಂಡಿಯೂರಿ ಕೂತು ಸೊಪ್ಪಿನ ಕಟ್ಟಿಗೆ ದಾರ ಸುತ್ತುತ್ತಿದ್ದ. ದಾರ ಬಿಗಿದ, ದಂಟು ಮುರಿಯಿತು.

"ಎಳೀಬೇಡಿ," ಎಂದಳು. ಜೋಡಿಸಿಕೊಂಡು ಬಂದ ಒಂದು ಮಾತೂ ನೆನಪಿರಲಿಲ್ಲ.

ಅವನು ತಲೆ ಎತ್ತಿದ. ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು.

"ಟೊರಿಕಾ."

"ಫೋನ್ ಯಾಕೆ ಎತ್ತಲ್ಲ?"

"ಏನು ಮುಖ ಇಟ್ಕೊಂಡು ಎತ್ತಲಿ? ನೀವು ಅವತ್ತು ಅಂದಿದ್ದು ನಿಜ. ಬೇರೆಯವರಿಗೆ ಹೇಗೆ ಬದುಕಬೇಕು ಅಂತ ಆರು ವರ್ಷ ಹೇಳಿದೆ. ನಾನು ಒಂದು ದಿನಾನೂ ಹಾಗೆ ಬದುಕಿರಲಿಲ್ಲ. ಮೊದಲು ನಾನು ಏನಾದ್ರೂ ಕೆಲಸ ಕಲೀಬೇಕು ಅಂತ ಇಲ್ಲಿ ಕೂತಿದ್ದೀನಿ."

"ಕಲ್ತ್ರಾ?"

ಅವನು ಮುರಿದ ದಂಟುಗಳನ್ನು ನೋಡಿದ. "ಇನ್ನೂ ಇಲ್ಲ."

ಪಕ್ಕದಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಚಿಕ್ಕಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಯಾರೋ ಇವಳು? ಗಿರಾಕಿನಾ?"

"ಇವರು ಚಿಕ್ಕಮ್ಮ... ನಾಂದಿಯಲ್ಲಿ... ಆ ಲಾಂಡ್ರಿಯಲ್ಲಿ..."

"ಗಿರಾಕಿ ಅಲ್ಲ," ಎಂದಳು ಟೊರಿಕಾ. "ಇವನನ್ನ ಕರ್ಕೊಂಡು ಹೋಗೋಕೆ ಬಂದಿದ್ದೀನಿ."

ಚಿಕ್ಕಮ್ಮ ಬೀಸಣಿಗೆ ನಿಲ್ಲಿಸಿದಳು. "ಕರ್ಕೊಂಡು ಹೋಗಮ್ಮ. ನನ್ನ ಅರ್ಧ ಸೊಪ್ಪು ಹಾಳಾಯ್ತು. ಆದ್ರೆ ಮೊದಲು ನಿಮ್ಮ ಮನೆಯವರು ಬಂದು ನನ್ನ ಹತ್ರ ಮಾತಾಡಬೇಕು. ಯಾರನ್ನೂ ಕೇಳದೆ ಒಯ್ಯೋಕೆ ಇವನೇನು ಗೆಡ್ಡೆ ಅಲ್ಲ."

"ಬರ್ತಾರೆ," ಎಂದಳು ಟೊರಿಕಾ. ಕಿವಿ ಕೆಂಪಾಗಿತ್ತು, ತಲೆ ತಗ್ಗಿಸಲಿಲ್ಲ.

ಚಿಕ್ಕಮ್ಮ ನೀರು ತರುವ ನೆಪದಲ್ಲಿ ಎದ್ದು ಹೋದಳು. ಅಪೆನಿಸಾ ಗೆಡ್ಡೆಯ ರಾಶಿ ದಾಟಿ ಈಚೆ ಬಂದ. ಅವನ ಕೈಗೆಲ್ಲ ಮಣ್ಣು.

"ನನಗೆ ಈಗ ಕೆಲಸ ಇಲ್ಲ."

"ಗೊತ್ತು."

"ನಿಮ್ಮ ಜೊತೆಯವರ ಅನ್ನಕ್ಕೆ ಕಲ್ಲು ಹಾಕಿದವನು ನಾನು."

"ಅದೂ ಗೊತ್ತು. ಅದನ್ನ ನಾಲ್ಕು ಜನರ ಮುಂದೆ ಒಪ್ಕೊಂಡವರು ನಾನು ಕಂಡ ಹಾಗೆ ನೀವೊಬ್ಬರೇ." ಅವಳು ಉಸಿರು ಎಳೆದುಕೊಂಡಳು. "ನೋಡಿ, ನನಗೆ ದಾರಿ ತೋರಿಸೋರು ಬೇಡ. ದಾರಿ ನನಗೆ ಸಿಕ್ಕಿದೆ. ನನಗೆ ಬೇಕಾಗಿರೋದು ನಾನು ಜಗಳ ಆಡೋವಾಗ ಪಕ್ಕದಲ್ಲಿ ನಿಲ್ಲೋರು. ನನ್ನ ಜೊತೆಗೇ ಜಗಳ ಆಡೋರು. ಆಗುತ್ತಾ ನಿಮ್ಮ ಕೈಲಿ?"

ಅವನ ಕಣ್ಣು ಒದ್ದೆಯಾಯಿತು. ಅಳಿಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಣ್ಣು ಬಳಿದುಕೊಂಡ.

"ಮೊದಲ ದಿನ ನೀವು ಎದ್ದು ನಿಂತ್ರಲ್ಲ," ಎಂದ ಮೆಲ್ಲಗೆ, "ಅವತ್ತೇ ನಿಮ್ಮ ಮೇಲೆ ಮನಸ್ಸಾಗಿತ್ತು ನನಗೆ. ಹೇಳೋಕೆ ಹೆದರಿಕೆ."

"ನನ್ನ ಕಂಡ್ರೆ ಹೆದರಿಕೆನಾ?"

"ನಿಮಗೆ ಹೆದರದವರು ಯಾರಿದ್ದಾರೆ?"

ಅವಳು ನಕ್ಕಳು. ತನ್ನ ಸುಲುವಿನ ತುದಿಯಿಂದ ಅವನ ಕೆನ್ನೆಯ ಮಣ್ಣು ಒರೆಸಿದಳು. ಎದುರಿನ ಅಂಗಡಿಯವರೆಲ್ಲ ನೋಡುತ್ತಿದ್ದರು. ನೋಡಲಿ.

"ಇನ್ಮೇಲೆ ಈ 'ನೀವು' ಅನ್ನೋದು ಬಿಟ್ಟುಬಿಡಿ," ಎಂದಳು.

ಅವನು ಮಣ್ಣಿನ ಕೈಯಲ್ಲೇ ಅವಳ ಕೈ ಹಿಡಿದ.

"ಮೊದಲು ನೀನು ಬಿಡು."